ಕುರ್ಚಿ ಕೋಣೆಯ ಜೋಡಿ ಆಟ

ಸಾಲಿಗ್ರಾಮದ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಅರ್ಧ ಸಾಮಾನು ನಮ್ಮ ಮನೆಯಿಂದ ಹೋಗುತ್ತಿತ್ತು. ಮಾವ, ಅಂದರೆ ಅಮ್ಮನ ಅಣ್ಣ, ಪಾತ್ರೆ ಬಾಡಿಗೆಗೆ ಕೊಡುವವರು. ಹೆದ್ದಾರಿಗೆ ಮುಖ ಮಾಡಿದ ಅಂಗಡಿ, ಅದರ ಬೆನ್ನಿಗೆ ಅಂಟಿಕೊಂಡ ಮನೆ. ಅಂಗಡಿಯಲ್ಲಿ ಹಿಡಿಸದ್ದೆಲ್ಲ ಮನೆಯೊಳಗೆ ಬರುತ್ತಿತ್ತು. ಅಡುಗೆಮನೆಯ ಅಟ್ಟದಲ್ಲಿ ಬಡಿಸುವ ಬಕೆಟುಗಳು, ದೇವರ ಕೋಣೆಯ ಪಕ್ಕದ ಓಣಿಯಲ್ಲಿ ಸುತ್ತಿಟ್ಟ ಶಾಮಿಯಾನ, ಬಾವಿಕಟ್ಟೆಯ ಹತ್ತಿರ ಮಗುಚಿ ಹಾಕಿದ ಕೊಪ್ಪರಿಗೆಗಳು, ಚಾವಡಿಯ ಬಲಗಡೆಯ ಕೋಣೆಯಲ್ಲಿ ಸೂರಿನವರೆಗೆ ಪೇರಿಸಿದ ಕಬ್ಬಿಣದ ಮಡಚು ಕುರ್ಚಿಗಳು. ಈ ಮನೆಯಲ್ಲಿ ಬೆಳೆದವರು ಓರೆಯಾಗಿ ನಡೆಯುವುದನ್ನು ಕಲಿತೇ ಕಲಿಯುತ್ತಾರೆ. ನಾನು ಈಗಲೂ ಅಗಲವಾದ ಬಾಗಿಲಲ್ಲಿ ಕೂಡ ಭುಜ ಮುಂದೆ ಮಾಡಿ ದಾಟುತ್ತೇನೆ, ನೋಡಿದವರು ನಗುತ್ತಾರೆ. ಕೈಕಾಲು ಚಾಚಿ ಮಲಗಬೇಕಾದರೆ ಊರಲ್ಲಿ ಯಾರದಾದರೂ ಮದುವೆಯಾಗಬೇಕಿತ್ತು. ಆಸಾಡಿ ತಿಂಗಳಲ್ಲಿ ಮದುವೆಯಿಲ್ಲ, ಸಾಮಾನೆಲ್ಲ ಮನೆಯಲ್ಲಿ, ಹೊರಗೆ ಮಳೆ. ಆ ದಿನಗಳಲ್ಲಿ ಒಬ್ಬರು ಉಸಿರು ಬಿಟ್ಟರೆ ಇನ್ನೊಬ್ಬರ ಕುತ್ತಿಗೆಗೆ ತಾಗುತ್ತಿತ್ತು.

ಅಪ್ಪ ಮುಂಬಯಿಯ ಹೋಟೆಲಿಗೆ ದುಡಿಯಲು ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿದರು. ನಾಲ್ಕು ವರ್ಷದ ನನ್ನನ್ನು ಎತ್ತಿಕೊಂಡು ಅಮ್ಮ ಈ ತವರುಮನೆಗೆ ಬಂದಳು. ಯಾರೂ ಅವಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅದೇ ತೊಂದರೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯದ ಮನೆಯಲ್ಲಿ ಅಮ್ಮ ತಾನಾಗಿಯೇ ಕೆಲಸ ಹುಡುಕಿಕೊಂಡಳು. ಮದುವೆಮನೆಗಳಿಂದ ಎಣ್ಣೆ, ಮಸಿ ಮೆತ್ತಿಕೊಂಡು ಬಂದ ಕೊಪ್ಪರಿಗೆಗಳನ್ನು ಬಾವಿಕಟ್ಟೆಯಲ್ಲಿ ಹುಣಸೆಹುಳಿ ಹಾಕಿ ತಿಕ್ಕುವುದು ಅವಳ ಪಾಲಿಗೆ ಬಂತು. ಮೊದಲು ತೊಳೆಯಲು ಇಬ್ಬರು ಹೆಂಗಸರು ಬರುತ್ತಿದ್ದರು. ಕೆಲವೇ ತಿಂಗಳಲ್ಲಿ ಅವರು ಬರುವುದು ನಿಂತಿತು. ಯಾರೂ ನಿಲ್ಲಿಸಲಿಲ್ಲ, ಬೇಕಾಗಲಿಲ್ಲ ಅಷ್ಟೆ.

ಮಾವನ ಒಬ್ಬನೇ ಮಗ ಸುಧಾಕರ. ನನಗಿಂತ ಐದು ವರ್ಷ ದೊಡ್ಡವನು. ಬೇರೆ ಮನೆಗಳಲ್ಲಿ ಹುಡುಗಿಯರು ದೊಡ್ಡ ಹುಡುಗರನ್ನು ಅಣ್ಣ ಎನ್ನುವುದನ್ನು ಕೇಳಿ ನಾನೂ ಒಂದು ದಿನ ಊಟದ ಹೊತ್ತಿಗೆ ಸುಧಿಯಣ್ಣ ಎಂದು ಕರೆದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ತೊಡೆ ಚಿವುಟಿದರು.

"ಅಣ್ಣ ಅಂಬುಕಾಗ ಹೆಣೆ. ಅವ ನಿಂಗೆ ಬಾವ."

ಅತ್ತೆಯ ಮಗಳು, ಮಾವನ ಮಗ. ನಮ್ಮಲ್ಲಿ ಅದಕ್ಕೆ ಲೆಕ್ಕಾಚಾರವೇ ಬೇಡ. ಆ ಹೊತ್ತಿಗೆ ನನಗೆ ಆರೋ ಏಳೋ ವರ್ಷ, ಉರಿದದ್ದು ತೊಡೆ ಮಾತ್ರ. ಅರ್ಥವಾದದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಮಾವನ ಹೆಂಡತಿ, ಅಂದರೆ ನನ್ನ ಅತ್ತೆ, ಬಂಗುಡೆ ಮೀನಿನ ದೊಡ್ಡ ತುಂಡನ್ನು ನನ್ನ ಕೈಗೆ ಕೊಟ್ಟು ಸುಧಿಗೆ ನೀನೇ ಬಡಿಸು ಎಂದಾಗ. ಅದೇ ವರ್ಷ ಅಮ್ಮ ಬಾವಿಕಟ್ಟೆಯಲ್ಲಿ ನೆರೆಮನೆಯವಳ ಹತ್ತಿರ, ಹೆಣ್ಣನ್ನು ಇಲ್ಲೇ ಕೊಟ್ಟರೆ ತನ್ನ ಕಾಲವೂ ಇಲ್ಲೇ ಕಳೆಯುತ್ತದೆ ಎಂದು ಹೇಳುವುದು ಕೇಳಿಸಿತು. ನನಗೆ ಸುಧಿ ಬೇಡವಾಗಿದ್ದ. ಮೊದಲೇ ಹೇಳಿಬಿಡುತ್ತೇನೆ, ಅವನು ಕೆಟ್ಟವನಲ್ಲ. ಜೊತೆಗೆ ಬೆಳೆದವನನ್ನು ಗಂಡ ಎಂದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಆದರೆ ನಾನು ಬೇಡ ಎಂದರೆ ಅಮ್ಮನ ತಲೆಯ ಮೇಲಿನ ಸೂರು ಹೋಗುತ್ತದೆ. ಹನ್ನೆರಡು ವರ್ಷಕ್ಕೆ ನನಗೆ ಗೊತ್ತಾದ ಈ ವಿಷಯ ಮುಂದಿನ ಎಂಟು ವರ್ಷ ನನ್ನ ಜೊತೆಗೇ ಉಂಡು ಮಲಗಿತು.

ಆಟದ ಪೆಟ್ಟಿಗೆ ಬಂದದ್ದು ಅದರ ಮರುವರ್ಷ. ಅತ್ತೆಯ ತಮ್ಮ ಮುಂಬಯಿಯಿಂದ ಯಾರೋ ಬಳಸಿ ಬಿಟ್ಟದ್ದನ್ನು ತಂದುಕೊಟ್ಟಿದ್ದರು. ಟಿ.ವಿ.ಗೆ ಸಿಕ್ಕಿಸುವ ಬೂದುಬಣ್ಣದ ಪೆಟ್ಟಿಗೆ, ಎರಡು ರಿಮೋಟು, ಒಂದೇ ಒಂದು ಸಿ.ಡಿ. ಅದರಲ್ಲಿದ್ದದ್ದು ಕುಸ್ತಿಯ ಆಟ. ನಮ್ಮ ಮಣ್ಣಿನ ಕುಸ್ತಿಯಲ್ಲ, ಟಿ.ವಿ.ಯಲ್ಲಿ ಬರುವ ಚಡ್ಡಿ ತೊಟ್ಟ ದೈತ್ಯರ ಕುಸ್ತಿ. ಚಾವಡಿಯ ಬಣ್ಣದ ಟಿ.ವಿ. ಮುಟ್ಟಬಾರದು ಎಂದು ಮಾವ ಹೇಳಿದ್ದರಿಂದ ಹಳೆಯ ಕಪ್ಪುಬಿಳುಪಿನ ಟಿ.ವಿ.ಯನ್ನು ಕುರ್ಚಿ ಕೋಣೆಗೆ ಸಾಗಿಸಿದೆವು. ನನ್ನ ಜಟ್ಟಿಯ ಚಡ್ಡಿ ಯಾವ ಬಣ್ಣದ್ದು ಎಂಬುದು ಕೊನೆಗೂ ನನಗೆ ಗೊತ್ತಾಗಲಿಲ್ಲ. ಪೇರಿಸಿದ ಕುರ್ಚಿಗಳ ನಡುವೆ ಇಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಜಾಗ, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಆಟದಲ್ಲೂ ರಿಂಗಿನ ಕೆಳಗಿಳಿದರೆ ಒಂದು ಮಡಚು ಕುರ್ಚಿ ಸಿಗುತ್ತಿತ್ತು, ಅದನ್ನೆತ್ತಿ ಎದುರಾಳಿಯ ಬೆನ್ನಿಗೆ ಬಾರಿಸಬಹುದು. ನಮ್ಮ ಅಂಗಡಿಯದ್ದೇ ಎಂದು ಸುಧಿ ಹೇಳಿದಾಗ ನಾನು ನಕ್ಕು ನಕ್ಕು ಕೆಮ್ಮಿದ್ದೆ. ಒಂದೇ ನಿಯಮ ಅಜ್ಜಿಯದು: ಬಾಗಿಲು ಹಾಕಬಾರದು. ಅವರು ಚಾವಡಿಯಲ್ಲಿ ಬಾಗಿಲಿಗೆ ಎದುರಾಗಿ ಕೂತು ಅಡಿಕೆ ಕತ್ತರಿಸುತ್ತಿದ್ದರು.

ಸಿ.ಡಿ.ಯ ಅಕ್ಷರಗಳು ಜಪಾನಿನವೋ ಚೀನಾದವೋ, ಒಂದೂ ಓದಲು ಬರುತ್ತಿರಲಿಲ್ಲ. ಹಾಗಾಗಿ ಆಟದ ಬಗೆಗಳನ್ನು ನಾವು ಗುಂಡಿ ಒತ್ತುವ ಲೆಕ್ಕದಲ್ಲಿ ಕಲಿತೆವು. ಏನೂ ಒತ್ತದಿದ್ದರೆ ಒಬ್ಬರಿಗೊಬ್ಬರು. ಕೆಳಗೆ ಒಂದು ಸಲ ಒತ್ತಿದರೆ ಜೋಡಿ ಆಟ, ಮೂರು ಸಲ ಒತ್ತಿದರೆ ಪಂಜರ, ಐದು ಸಲಕ್ಕೆ ಒಬ್ಬರ ಹಿಂದೊಬ್ಬರು ಬಂದು ಒಬ್ಬರನ್ನೊಬ್ಬರು ಹಗ್ಗದ ಮೇಲಿಂದ ಎಸೆಯುವ ದೊಡ್ಡ ಗಲಾಟೆ. ಹಿಡಿಯುವ ಗುಂಡಿ ಒಂದೇ, ಅದರ ಜೊತೆ ಒತ್ತುವ ದಿಕ್ಕಿಗೆ ತಕ್ಕ ಹಾಗೆ ಎತ್ತಿ ಹಾಕುವ ರೀತಿ ಬೇರೆ. ಹೊಡೆದಷ್ಟೂ ಕೆಳಗಿನ ಪಟ್ಟಿ ತುಂಬುತ್ತ ಹೋಗಿ, ತುಂಬಿದ ಮೇಲೆ ಜಟ್ಟಿ ತನ್ನ ಕೊನೆಯ ಪಟ್ಟು ಹಾಕಬಹುದು. ಎದುರಾಳಿ ಮೈಮೇಲೆ ಬಿದ್ದು ರೆಫ್ರಿ ಎಣಿಸತೊಡಗಿದರೆ ಮೂರರ ಒಳಗೆ ಎಲ್ಲ ಗುಂಡಿಗಳನ್ನೂ ಬಡಿದು ಕೊಡವಿಕೊಂಡು ಏಳಬೇಕು. ನನಗೆ ಬಹಳ ಹಿಡಿಸಿದ್ದು ಹಗ್ಗದ ನಿಯಮ. ಎದುರಾಳಿ ಕಾಲನ್ನೋ ಕುತ್ತಿಗೆಯನ್ನೋ ತಿರುಚಿ ಹಿಡಿದಾಗ ತೆವಳಿಕೊಂಡು ಹೋಗಿ ರಿಂಗಿನ ಹಗ್ಗ ಮುಟ್ಟಿದರೆ ಸಾಕು, ಅವನು ಎಂಥ ಬಲಶಾಲಿಯಾದರೂ ಬಿಡಲೇಬೇಕು. ಯಾರಿಗೂ ನೋವಾಗದೆ, ಯಾರ ಹತ್ತಿರವೂ ಬೇಡಿಕೊಳ್ಳದೆ ಬಿಡುಗಡೆ. ನಮ್ಮ ಮನೆಯಲ್ಲಿ ಅಂಥ ಹಗ್ಗ ಯಾವುದು ಎಂದು ನಾನು ನಿಜವಾಗಿಯೂ ಹುಡುಕಿದ್ದುಂಟು.

ಎರಡು ಸಲ ಒತ್ತಿದರೆ ಬರುವುದು ವರ್ಷದ ಆಟ. ಒಬ್ಬ ಜಟ್ಟಿಯನ್ನು ಆರಿಸಿಕೊಂಡು ಅವನ ಒಂದು ವರ್ಷವನ್ನು ನಡೆಸಬೇಕು. ನಡುನಡುವೆ ಯಾರೋ ಬಂದು ಏನೋ ಕೇಳುತ್ತಾರೆ, ಪರದೆಯ ಮೇಲೆ ಎರಡು ಉತ್ತರ ಮೂಡುತ್ತದೆ. ಮೇಲಿನದನ್ನು ಒತ್ತಿದರೂ ಕೆಳಗಿನದನ್ನು ಒತ್ತಿದರೂ ಮರುದಿನ ಅದೇ ಎದುರಾಳಿಯ ಜೊತೆ ಅದೇ ಪಂದ್ಯ. ಕೇಳಿದ್ದು ಯಾಕೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಆಟವನ್ನು ಉಳಿಸಿಡುವ ಮೆಮೊರಿ ಕಾರ್ಡು ನಮ್ಮಲ್ಲಿರಲಿಲ್ಲ, ಕರೆಂಟು ಹೋದರೆ ವರ್ಷವೇ ಹೋಯಿತು. ಎಷ್ಟೋ ಸಲ ಶುರು ಮಾಡಿದೆವು, ಅರ್ಧ ವರ್ಷ ದಾಟಲಿಲ್ಲ.

ಜೋಡಿ ಆಟವೇ ನಮ್ಮದಾಯಿತು. ನಾವಿಬ್ಬರು ಒಂದು ಕಡೆ, ಯಂತ್ರ ಓಡಿಸುವ ಇಬ್ಬರು ಇನ್ನೊಂದು ಕಡೆ. ಒಬ್ಬರು ಒಳಗೆ ಹೊಡೆದಾಡುವಾಗ ಇನ್ನೊಬ್ಬರು ಹಗ್ಗದಾಚೆ ನಿಂತು ಕಾಯಬೇಕು, ಕೈಗೆ ಕೈ ತಾಗಿಸಿದರೆ ಮಾತ್ರ ಒಳಗೆ ಬರಬಹುದು. ಆಡುವಾಗ ಮುಖ ನೋಡಬೇಕಿಲ್ಲ, ಕಣ್ಣು ಪರದೆಯ ಮೇಲೆ. ಟಿ.ವಿ.ಯೊಳಗಿನ ಜನರ ಗದ್ದಲ ಜೋರು ಮಾಡಿದರೆ ಅಜ್ಜಿಗೆ ಮಾತು ಕೇಳಿಸುವುದಿಲ್ಲ. ಆ ಮನೆಯಲ್ಲಿ ಯಾರಿಗೂ ಕೇಳಿಸದ ಹಾಗೆ ಮಾತಾಡಬಹುದಾದ ಜಾಗ ಅದೊಂದೇ. ಹದಿನೈದು ತುಂಬಿದ ವರ್ಷ ನಾನು ಅಲ್ಲೇ ಬಾಯಿ ಬಿಟ್ಟೆ. ನಿನ್ನನ್ನು ಮದುವೆಯಾಗಲು ನನಗೆ ಮನಸ್ಸಿಲ್ಲ ಎಂದೆ. ಅವನ ಜಟ್ಟಿ ಒಂದು ಗಳಿಗೆ ಸುಮ್ಮನೆ ನಿಂತು ಪೆಟ್ಟು ತಿಂದಿತು. ಆಮೇಲೆ ಅವನು ತನಗೂ ಹಾಗೆಯೇ ಎಂದ. ನನ್ನ ಎದೆಯಿಂದ ಒಂದು ಮಣ ಭಾರ ಇಳಿದ ಹಾಗಾಯಿತು. ನಾನು ಹೇಳಿದರೆ ಅಮ್ಮನ ಗತಿ ಏನಾಗುತ್ತದೆ ಎಂದು ಅವನಿಗೂ ಗೊತ್ತಿತ್ತು. ಗಂಡು ಬೇಡ ಎಂದರೆ ಹೆಣ್ಣಿನ ಕಡೆಯವರ ತಪ್ಪಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹಾಗಾಗಿ ಹೇಳುವವನು ಅವನೇ ಎಂದು ನಿರ್ಧಾರವಾಯಿತು.

"ಮದಿ ಸೀಸನ್ ಮುಗಿಲಿ. ಅಪ್ಪಯ್ಯನತ್ರ ನಾನೇ ಹೇಳ್ತೆ."

ಮದುವೆಯ ಸೀಸನ್ ಮುಗಿಯಿತು. ಆಮೇಲೆ ಮಾವನ ಮೈಗೆ ಸರಿಯಿಲ್ಲ ಎಂದ, ದೀಪಾವಳಿ ಕಳೆಯಲಿ ಎಂದ, ಮತ್ತೆ ಸೀಸನ್ ಬಂತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುವ ಜಾತಿಯವನು ಸುಧಿ. ಹೇಗೆ ಹೇಳುವುದು, ಯಾವ ಮಾತಿನಿಂದ ಶುರು ಮಾಡುವುದು, ಮಾವ ಹೀಗೆ ಕೇಳಿದರೆ ಹಾಗೆ ಹೇಳುವುದು, ಇದನ್ನೇ ದಿನಾ ಸಂಜೆ ಎರಡು ಗಂಟೆ ಮಾತಾಡಿದೆವು. ನಮ್ಮ ಪೆದ್ದುತನ ಏನೆಂದರೆ, ಚಾವಡಿಯಿಂದ ನೋಡುವವರಿಗೆ ಏನು ಕಾಣುತ್ತಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಅವರಿಗೆ ಕಂಡದ್ದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಮುಗಿಯದಷ್ಟು ಪಿಸುಗುಡುವ ಗಂಡು ಹೆಣ್ಣು. ಮದುವೆ ಬೇಡವೆನ್ನಲು ನಾವು ಮಾಡಿದ ಉಪಾಯವೆಲ್ಲ ಮದುವೆಗೆ ಸಾಕ್ಷಿಯಾಗುತ್ತಿತ್ತು.

ಅವರು ಹಾಗೆ ತಿಳಿದಿದ್ದಾರೆ ಎಂದು ಗೊತ್ತಾದ ಮೇಲೆ ಆಡುವುದನ್ನೇ ಬಿಟ್ಟೆವು. ಹದಿನೈದು ದಿನ ಕುರ್ಚಿ ಕೋಣೆಗೆ ಕಾಲಿಡಲಿಲ್ಲ. ಅತ್ತೆ ಅದನ್ನು ಮುನಿಸು ಎಂದು ತಿಳಿದರು. ಕಡ್ಲೆಬೇಳೆ ಪಾಯಸ ಮಾಡಿ ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿ ಬಡಿಸಿ, ಜಗಳವೆಲ್ಲ ಈಗಲೇ ಮುಗಿಸಿಕೊಳ್ಳಿ ಎಂದು ನಕ್ಕರು. ಆಮೇಲೆ ನಾನು ಇನ್ನೊಂದು ಉಪಾಯ ಮಾಡಿದೆ. ಜೋಡಿ ಆಟ ಬಿಟ್ಟು ಒಬ್ಬರಿಗೊಬ್ಬರು ಆಡುವುದು, ಎಲ್ಲರ ಎದುರು ಅವನನ್ನು ಹೊಡೆದು ಕೆಡವಿ, ದಂಡಪಿಂಡ, ಕೈಲಾಗದವನು ಎಂದು ಕೂಗುವುದು. ಅದನ್ನೂ ಮಾಡಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕು ಅತ್ತೆಯನ್ನು ಕರೆದರು.

"ಹ್ವಾಯ್, ಬಂದ್ ಕಾಣ್. ಮಾಣಿ ಈಗ್ಲೇ ಹೆಂಡ್ತಿ ಕೈಯಂಗೆ ಪೆಟ್ಟ್ ತಿಂತಿದ್ದ."

ಆ ಆಟದಲ್ಲಿ ಒಂದು ಗುಂಡಿಯಿತ್ತು. ಎದುರಾಳಿ ಕೈಯೆತ್ತಿದ ಗಳಿಗೆಗೆ ಸರಿಯಾಗಿ ಒತ್ತಿದರೆ ಅವನ ಪಟ್ಟು ಅವನಿಗೇ ತಿರುಗುತ್ತದೆ. ಅದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ನಮ್ಮ ಮನೆಯವರಿಗೆ ಅದು ಹುಟ್ಟಿನಿಂದಲೇ ಬರುತ್ತಿತ್ತು. ಪಂಜರದ ಆಟದಲ್ಲಿ ಸುಧಿ ಎದುರಾದರೆ ನಾನು ಯಾವತ್ತೂ ಗೆಲ್ಲಲಿಲ್ಲ. ಅಲ್ಲಿ ಬೀಳಿಸಿದರೆ ಸಾಲದು, ಸುತ್ತ ಹಾಕಿದ ಕಬ್ಬಿಣದ ಬಲೆಯನ್ನು ಹತ್ತಿ ಆಚೆ ಇಳಿಯಬೇಕು. ನಾನು ತುದಿಗೆ ತಲುಪಿದಾಗೆಲ್ಲ ಎಲ್ಲಿದ್ದರೂ ಓಡಿ ಬಂದು ಕಾಲು ಹಿಡಿದು ಎಳೆಯುತ್ತಿದ್ದ. ಜೋಡಿ ಆಟದಲ್ಲಿ ನನ್ನನ್ನು ಉಳಿಸಲು ಮಾತ್ರ ಅಷ್ಟು ಬೇಗ ಬರುತ್ತಿರಲಿಲ್ಲ. ಇದನ್ನು ಆಗ ಗಮನಿಸಿದ್ದರೆ ನಾನು ಜಾಣೆ, ಆದರೆ ಆಗ ನನಗೆ ಇಡೀ ಮನೆಯಲ್ಲಿ ನಂಬಲು ಇದ್ದದ್ದು ಅವನೊಬ್ಬನೇ.

ಡಿಗ್ರಿಯ ಕೊನೆಯ ವರ್ಷ ಪುರೋಹಿತರು ಬಂದು ಜಾತಕ ನೋಡಿದರು. ಕೂಡದೇ ಇರಲಿ ಎಂದು ನಾನು ಅಡುಗೆಮನೆಯಲ್ಲಿ ದೇವರಿಗೆ ಹೇಳಿಕೊಂಡೆ, ದೇವರು ಅಜ್ಜಿಯ ಕಡೆಯವರು. ಚೆನ್ನಾಗಿ ಕೂಡಿತು. ಚಾವಡಿಯಲ್ಲಿ ಮಾವ, ಅಜ್ಜಿ, ಪುರೋಹಿತರು. ಅತ್ತೆ ಬಾಗಿಲ ಹತ್ತಿರ, ಅಮ್ಮ ಅತ್ತೆಯ ಹಿಂದೆ, ಅವಳ ಹಿಂದೆ ನಾನು. ಸುಧಿಯನ್ನು ಅಂಗಡಿಯಿಂದ ಕರೆಸಿದರು. ಐದು ವರ್ಷ ಅಭ್ಯಾಸ ಮಾಡಿದ ಮಾತು ಅವನ ಬಾಯಲ್ಲಿತ್ತು, ನನಗೂ ಬಾಯಿಪಾಠ. ಮಾವ ಜಾತಕ ಮಡಚುತ್ತ ಕೇಳಿದರು.

"ಎಂತ ಮಾಣಿ, ಪರೀಕ್ಷಿ ಮುಗ್ದ ಮೇಲೆ ಮದಿ ಇಟ್ಕಂಬ ಅಲ್ದಾ?"

"ಅಡ್ಡಿಲ್ಲೆ," ಎಂದ ಸುಧಿ.

ಅಷ್ಟೇ. ನನ್ನನ್ನು ಯಾರೂ ಕೇಳಲಿಲ್ಲ, ಮೌನಂ ಸಮ್ಮತಿ ಲಕ್ಷಣಂ ಎಂದು ಪುರೋಹಿತರು ನಗುತ್ತ ಹೇಳಿದರು. ಅತ್ತೆ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ನುಂಗಿದೆ. ಮರುದಿನ ಮಧ್ಯಾಹ್ನ ಅವನು ಕುರ್ಚಿ ಕೋಣೆಯಲ್ಲಿ ಟಿ.ವಿ. ಹಾಕಿ ಎರಡೂ ರಿಮೋಟು ಇಟ್ಟುಕೊಂಡು ಕೂತಿದ್ದ. ನಾನು ಹೋದೆ, ಕೂರಲಿಲ್ಲ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಬಾಯಿಗೆ ಬರಲಿಲ್ಲ ಎಂದ. ಬಾಯಿಗೆ ಬರದಿದ್ದರೆ ಇವತ್ತು ಹೇಳು, ಈಗ ಹೋಗಿ ಹೇಳು ಎಂದೆ. ಅವನು ಪರದೆ ನೋಡುತ್ತಲೇ ಇದ್ದ. ಪರದೆಯಲ್ಲಿ ಏನೂ ಇರಲಿಲ್ಲ, ಆಟದ ಪಟ್ಟಿ ಮಾತ್ರ.

"ಶಾಲು, ನಂಗ್ ಬ್ಯಾಡ ಅಂದೇಳಿ ಇಲ್ಲೆ. ಯಾವತ್ತೂ ಇರ್ಲಿಲ್ಲೆ."

"ಮತ್ತೆ ಇಷ್ಟ್ ವರ್ಷ?"

"ಬ್ಯಾಡ ಅಂಬುದ್ ಹೇಂಗೆ ಅಂತ ಮಾತಾಡುಕಾರೂ ನೀ ದಿನಾ ಬಂದ್ ಕೂಕಂತಿದ್ಯಲೆ."

ಆ ಕ್ಷಣ ನನಗೆ ಬಂದದ್ದು ಸಿಟ್ಟಲ್ಲ, ಹೆದರಿಕೆ. ಜೊತೆಗಾರ ಎಂದುಕೊಂಡವನು ಮೊದಲ ದಿನದಿಂದಲೂ ಬಾಗಿಲಿಗೆ ಒರಗಿ ನಿಂತವನು. ಈಗ ನೆನೆದರೆ ಅವನ ಬಗ್ಗೆ ಪಾಪ ಅನಿಸುತ್ತದೆ. ಪ್ರೀತಿಸಿದವಳ ಬಾಯಿಂದ ಐದು ವರ್ಷ ದಿನಾ ನೀನು ಬೇಡ ಎಂದು ಕೇಳುತ್ತ ಕೂತವನು ಅವನು. ಆದರೆ ಆಗ ನನಗೆ ಇಪ್ಪತ್ತು, ಪಾಪ ಎನ್ನಲು ಪುರುಸೊತ್ತಿರಲಿಲ್ಲ. ಪೇರಿಸಿಟ್ಟ ಕುರ್ಚಿಗಳ ನಡುವೆ ಓರೆಯಾಗಿ ಹೊರಬಂದು ಸೀದಾ ಅಜ್ಜಿಯ ಎದುರು ನಿಂತೆ. ಅಭ್ಯಾಸ ಮಾಡಿದ ಮಾತೆಲ್ಲ ಗಂಡಿನ ಬಾಯಿಗೆ ಒಪ್ಪುವಂಥದ್ದು, ನನ್ನದು ಎನ್ನುವ ಒಂದು ವಾಕ್ಯವನ್ನೂ ಕಟ್ಟಿಟ್ಟುಕೊಂಡಿರಲಿಲ್ಲ. ನನಗೆ ಈ ಮದುವೆ ಬೇಡ ಅಜ್ಜಿ ಎಂದೆ. ಅಂಗಡಿಯಿಂದ ಮಾವ ಬಂದರು, ಅತ್ತೆ ಬಂದರು, ಬಾವಿಕಟ್ಟೆಯಿಂದ ಒದ್ದೆ ಕೈಯಲ್ಲಿ ಅಮ್ಮ ಬಂದಳು. ಅಜ್ಜಿ ಕತ್ತರಿಯನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಅವರಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

"ಬ್ಯಾಡ ಅಂದ್ರೆ ಬ್ಯಾಡ. ಆರೆ ಇಷ್ಟ್ ವರ್ಷ ಆ ಕೋಣಿಯಂಗೆ ಕೂಕಂಡ್ ಇಬ್ರೂ ಎಂತ ಮಾತಾಡ್ತಿದ್ರಿ?"

"ಇದನ್ನೇ ಅಜ್ಜಿ. ನಿಮ್ಗೆ ಹೇಂಗ್ ಹೇಳುದ್ ಅಂತ."

ಮಾವ ಅಂಗಡಿಗೆ ಹೋದರು. ಸುಧಿ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಆ ಸಂಜೆ ಬಾವಿಕಟ್ಟೆಯಲ್ಲಿ ಅಮ್ಮ ಒಂದೇ ಮಾತು ಕೇಳಿದಳು, ಇನ್ನು ತಾನು ಎಲ್ಲಿಗೆ ಹೋಗುವುದು ಎಂದು. ಮನೆಯಲ್ಲಿ ಎಲ್ಲರೂ ನನ್ನ ಸುತ್ತ ನಡೆದರು, ಓಣಿಯಲ್ಲಿ ಇಟ್ಟ ಸಾಮಾನಿನ ಸುತ್ತ ನಡೆಯುವ ಹಾಗೆ. ಆದರೆ ಹೆದರಿದ್ದು ಆಗಲಿಲ್ಲ. ನಾಲ್ಕನೆಯ ದಿನ ಮಾವ ನನ್ನನ್ನು ಕರೆದು, ಪರೀಕ್ಷೆ ಮುಗಿಸಿ ಬೇಕಾದಲ್ಲಿ ಹೋಗಿ ದುಡಿ, ಯಾರೂ ತಡೆಯುವುದಿಲ್ಲ ಎಂದರು. ಅಮ್ಮನಿಗೆ ಮನೆಯಿಂದ ಹೊರಡು ಎನ್ನಲಿಲ್ಲ. ಇಷ್ಟು ಸುಲಭವಿತ್ತೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಬ್ರಹ್ಮಾವರದಲ್ಲಿ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ, ಸಾಮಾನು ಬೇಕೆಂದೇ ಕಡಿಮೆ ಇಟ್ಟೆ. ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲದ ದಾರಿ. ಅಮ್ಮನನ್ನು ಕರೆದೆ. ಸೀಸನ್ ಮುಗಿಯಲಿ ಎಂದಳು. ಅಜ್ಜಿಯ ಕಾಲು ನೋವು ಎಂದಳು. ಅಜ್ಜಿ ತೀರಿಕೊಂಡ ಮೇಲೆ ಅತ್ತೆಗೆ ಒಬ್ಬಳಿಗೇ ಆಗುವುದಿಲ್ಲ ಎಂದಳು. ವರ್ಷಗಟ್ಟಲೆ ಅವಳ ನೆಪಗಳನ್ನು ಕೇಳಿದೆ, ಇವಳಿಗೆ ತವರಿನ ಮೋಹ ಎಂದು ಬೈದೂ ಬೈದೆ.

ನಿಜ ಹೇಳಿದವನು ಸುಧಿ. ತ್ರಾಸಿಯ ಹುಡುಗಿಯನ್ನು ಮದುವೆಯಾಗಿ, ಎರಡು ಮಕ್ಕಳ ತಂದೆಯಾಗಿ, ಮಾವ ತೀರಿಕೊಂಡು ಅಂಗಡಿ ಅವನ ಕೈಗೆ ಬಂದ ಮೇಲೆ. ಬ್ರಹ್ಮಾವರದ ಒಂದು ಮದುವೆಗೆ ಪಾತ್ರೆ ಇಳಿಸಲು ಬಂದವನು ನನ್ನ ಮನೆಗೆ ಬಂದು ಚಾ ಕುಡಿಯುತ್ತ ಹೇಳಿದ. ನಾನು ಮದುವೆ ಬೇಡ ಎಂದ ಮೂರನೆಯ ದಿನ ಅಮ್ಮ ಅಣ್ಣನ ಎದುರು ನಿಂತು, ಹೆಣ್ಣನ್ನು ಬಿಟ್ಟುಬಿಡು, ಅವಳ ಬದಲಿಗೆ ನಾನು ಸಾಯುವವರೆಗೆ ಈ ಮನೆಯ ಹೊಸಿಲು ದಾಟುವುದಿಲ್ಲ, ನಿನ್ನ ಪಾತ್ರೆ ತೊಳೆದುಕೊಂಡು ಇರುತ್ತೇನೆ ಎಂದಿದ್ದಳಂತೆ. ಮಾವ ಆಯಿತು ಎಂದಿದ್ದರಂತೆ. ಅವನ ಜೊತೆಗೇ ಪಾತ್ರೆಯ ಟೆಂಪೋ ಹತ್ತಿ ಸಾಲಿಗ್ರಾಮಕ್ಕೆ ಹೋದೆ. ಅಮ್ಮ ಬಾವಿಕಟ್ಟೆಯಲ್ಲೇ ಇದ್ದಳು. ಅಂಥ ಮಾತು ಯಾಕೆ ಕೊಟ್ಟೆ, ಮಾವನೂ ಈಗ ಇಲ್ಲ, ಯಾರು ಹಿಡಿದುಕೊಂಡಿದ್ದಾರೆ, ನಡೆ ಎಂದು ಅತ್ತು ಕೇಳಿದೆ. ಅವಳು ಕೈ ತೊಳೆದುಕೊಂಡು ನನ್ನ ಮುಖ ಒರೆಸಿದಳು.

"ನಿನ್ನ ಬಿಡ್ಸ್ಕಂಬುಕೆ ನನ್ನತ್ರ ಬೇರೆ ಎಂತ ಇದ್ದಿತ್ ಹೆಣೆ? ಅಣ್ಣ ಹೋಯ್ದ ಅಂತ ಮಾತ್ ಹೋಪುದಾ? ನೀ ಹೋಗ್. ಕತ್ಲಾತ್ತ್."

ನಾನು ಹೋದೆ. ಬ್ರಹ್ಮಾವರದ ಮನೆಯಲ್ಲಿ ಅವಳಿಗೆಂದು ಮಾಡಿಸಿದ ಮಂಚ ಇದೆ, ಕಿಟಕಿಯ ಪಕ್ಕ ಗಾಳಿ ಬರುವ ಜಾಗದಲ್ಲಿ. ಅದರ ಮೇಲೆ ನಾನು ಇಸ್ತ್ರಿಯಾಗದ ಬಟ್ಟೆ ಹಾಕಿಡುತ್ತೇನೆ.